ಹಾಸಿಗೆಯ ಹಿಂದೆ ಅಡಗಿಸಿದ ಚಿತ್ರ

ಪತ್ರಿಕೆಯ ವರ್ಗಣಿ ಕೂಡಿಸುವುದಕ್ಕಾಗಿ ಈಚೆಗೆ ನಾವು ಲಕ್ಷ್ಮೇಶ್ವರ ಭಾಗದ ಹಳ್ಳಿಗಳನ್ನು ತಿರುಗುತ್ತಿದ್ದಾಗ ಒಂದು ಸಂಜೆ ಯಳವತ್ತಿಯಲ್ಲಿ ಉಳಿಯಬೇಕಾಯಿತು. ವರ್ಗಣಿ ಎಷ್ಟು ಕೂಡಿತೆಂಬುದನ್ನು ಇಲ್ಲಿ ಹೇಳದಿರುವುದೇ ಒಳ್ಳೆಯದು. ಕಟ್ಟೆಯ ಮೇಲೆ ಮಾತು ಮಳೆಯಿಂದ ಶೇಂಗಾದ ದರಕ್ಕೆ, ಶೇಂಗಾದಿಂದ ಸೊಸಾಯಿಟಿಯ ಸಾಲಕ್ಕೆ ಹರಿಯುತ್ತಿತ್ತು. ಆಗ ಕಾಲೇಜು ಕಲಿಯುವ ಹುಡುಗನೊಬ್ಬ ತನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಹಿರಿಯರೊಬ್ಬರ ಮುಂದೆ ಹಿಡಿದನು. ಆಳೆತ್ತರದ ಗಂಡಸು, ತಲೆಗೆ ರುಮಾಲು, ಕಪ್ಪು ಗಡ್ಡ, ಬಂಗಾರದ ಹೂವುಗಳ ಬಿಳಿಯ ಮಸ್ಲಿನ್ ಅಂಗಿ, ಸೊಂಟಕ್ಕೆ ಪಟ್ಟಿ, ಕೈಯಲ್ಲಿ ಖಡ್ಗ. ಅಜ್ಜ ಬಹಳ ಹೊತ್ತು ನೋಡಿದರು.

"ಇಂವ ನಮ್ಮ ಕಡ್ಯಾಂವ ಕಂಡಂಗ ಕಾಣ್ತಾನಲ್ಲೋ ತಮ್ಮಾ. ಯಾವೂರಾಂವ?"

"ಟಿಪ್ಪೂ ಸುಲ್ತಾನನ ವಕೀಲ ರೀ ಅಜ್ಜಾರ. ಪ್ಯಾರಿಸ್ಸಿಗೆ ಹೋಗಿದ್ದಾಗ ಅಲ್ಲಿ ಒಬ್ಬಾಕಿ ಇವನ ಚಿತ್ರಾ ಬರದಾಳ."

"ಆಕಿ ಬರದ್ಲು, ಖರೆ. ಬರದಾಕಿ ಇಂವಗ ಚಿತ್ರಾ ಕೊಟ್ಲೇನು?"

ಹುಡುಗನಿಗೆ ಉತ್ತರ ತಿಳಿದಿರಲಿಲ್ಲ. ನಮಗೆ ತಿಳಿದಿತ್ತು. ಆದರೆ ಕಟ್ಟೆಯ ಮೇಲೆ ಕುಳಿತು ಒಂದು ಮಾತಿನಲ್ಲಿ ಹೇಳಿ ಮುಗಿಸುವಂಥ ಉತ್ತರವಲ್ಲ ಅದು. ಆ ಸಂಜೆ ಹೇಳದೆ ಉಳಿದುದನ್ನು ಈ ವಾರ ವಾಚಕರ ಮುಂದೆ ಇಡುತ್ತಿದ್ದೇವೆ. ಬೆಲೆಯೇರಿಕೆಯನ್ನು ಬಿಟ್ಟು ಇವರು ಚಿತ್ರಕಲೆಗೆ ಏಕೆ ಕೈ ಹಾಕಿದರೆಂದು ಕೆಲವು ಗೆಳೆಯರು ಕೇಳಿಯಾರು. ದುಡಿಯುವವನ ಹೊಲ, ಕೂಲಿ, ಮತ ಇವುಗಳ ಬಗೆಗೆ ಯಾರಿಗೆ ಹಕ್ಕು ಎಂದು ನಾವು ಕೇಳುತ್ತಲೇ ಬಂದಿದ್ದೇವೆ. ಅವನ ಮುಖದ ಬಗೆಗೆ ಯಾರಿಗೆ ಹಕ್ಕು ಎಂಬುದನ್ನು ಮಾತ್ರ ಕೇಳಲಿಲ್ಲ. ಅಜ್ಜ ಕೇಳಿದರು.

ಚಿತ್ರದಲ್ಲಿರುವ ಮನುಷ್ಯ ಮಹಮ್ಮದ ದರವೇಶ ಖಾನ್. 1787ರಲ್ಲಿ ಟಿಪ್ಪು ಸುಲ್ತಾನನು ಫ್ರಾನ್ಸಿನ ಅರಸನ ಬಳಿಗೆ ಕಳುಹಿಸಿದ ಮೂವರು ರಾಯಭಾರಿಗಳಲ್ಲಿ ಒಬ್ಬ. ಉಳಿದಿಬ್ಬರು ಅಕ್ಬರ ಅಲೀ ಖಾನ್ ಮತ್ತು ಮಹಮ್ಮದ ಉಸ್ಮಾನ ಖಾನ್. ಆ ವರ್ಷವು ನಮ್ಮ ಭಾಗಕ್ಕೆ ದೂರದ್ದಲ್ಲ. 1785ರಿಂದ ಎರಡು ವರ್ಷ ನರಗುಂದ, ಬಾದಾಮಿ, ಗಜೇಂದ್ರಗಡಗಳ ಸುತ್ತ ಮೈಸೂರಿನ, ಮರಾಠರ, ನಿಜಾಮನ ದಂಡುಗಳು ರೈತರ ಹೊಲಗಳನ್ನು ತುಳಿದಾಡಿದ್ದವು. ಇಂದು ಗದಗ ಜಿಲ್ಲೆಯಲ್ಲಿರುವ ಆ ಗಜೇಂದ್ರಗಡದಲ್ಲಿಯೇ 1787ರಲ್ಲಿ ಒಪ್ಪಂದವಾಯಿತು. ನೆರೆಯವರೊಡನೆ ಜಗಳ ತಾತ್ಪೂರ್ತಿಕವಾಗಿ ಮುಗಿಯಿತು. ಇಂಗ್ಲಿಷರೊಡನೆಯ ಜಗಳ ಮುಗಿಯುವಂಥದಲ್ಲವೆಂದು ಟಿಪ್ಪು ಬಲ್ಲ. ಅದೇ ಜುಲೈದಲ್ಲಿ ಅವನ ರಾಯಭಾರಿಗಳು ಪಾಂಡಿಚೇರಿಯಲ್ಲಿ ಹಡಗು ಹತ್ತಿದರು.

ಅವರು ಬೇಡಹೋದದ್ದು ಎರಡು. ಒಂದು, ಇಂಗ್ಲಿಷರ ಮೇಲೆ ಸೈನ್ಯದ ನೆರವು. ಇನ್ನೊಂದು ನಮಗೆ ಹೆಚ್ಚು ಕುತೂಹಲದ್ದು: ಕಸಬುದಾರರು. ಬಂದೂಕು ಮಾಡುವವರು, ಗಡಿಯಾರ ಮಾಡುವವರು, ಗಾಜು ಮತ್ತು ಪಿಂಗಾಣಿಯ ಕೆಲಸದವರು, ನೇಕಾರರು, ವೈದ್ಯರು. ಜೊತೆಗೆ ಹೂವಿನ, ಗಿಡಮರಗಳ ಬೀಜ. ಟಿಪ್ಪು ಅರಸನೇ, ಅರಸರ ಗುಣಗಳೆಲ್ಲ ಅವನಲ್ಲಿಯೂ ಇದ್ದವು. ಅವನ ದಂಡು ತುಳಿದ ಹೊಲ ನಮ್ಮದೇ. ಅವನನ್ನು ದೇವರು ಮಾಡುವವರ ಸಾಲಿನಲ್ಲಾಗಲಿ ದೆವ್ವ ಮಾಡುವವರ ಸಾಲಿನಲ್ಲಾಗಲಿ ನಿಲ್ಲುವ ಆತುರ ನಮಗಿಲ್ಲ. ಆದರೆ ಯುರೋಪಿನ ಬಲ ಅದರ ತೋಪಿನಲ್ಲಿ ಮಾತ್ರವಿಲ್ಲ, ಕಾರ್ಖಾನೆಯಲ್ಲಿ ಇದೆ ಎಂಬುದನ್ನು ಆ ಕಾಲದ ಹಿಂದೀ ಅರಸರಲ್ಲಿ ಅವನಷ್ಟು ಚೆನ್ನಾಗಿ ಅರಿತವರು ವಿರಳ.

ಹನ್ನೊಂದು ತಿಂಗಳ ಪ್ರಯಾಣದ ತರುವಾಯ 1788ರ ಜೂನ್ 9ಕ್ಕೆ ಅವರು ತೂಲೋಂ ಬಂದರಿನಲ್ಲಿ ಇಳಿದರು. ಪ್ಯಾರಿಸ್ಸನ್ನು ಮುಟ್ಟಿದ್ದು ಜುಲೈ 16ಕ್ಕೆ. ಅದಕ್ಕೆ ಸರಿಯಾಗಿ ಮೂರು ದಿನ ಮೊದಲು, ಜುಲೈ 13ರಂದು, ಪ್ಯಾರಿಸ್ಸಿನ ಸುತ್ತಲಿನ ಸೀಮೆಗಳ ಮೇಲೆ ಭಯಂಕರ ಆಣೆಕಲ್ಲಿನ ಮಳೆ ಬಿದ್ದು, ಕೊಯ್ಲಿಗೆ ಬಂದ ಗೋದಿ ನೆಲಕ್ಕೆ ಮಲಗಿತ್ತು. ರೊಟ್ಟಿಯ ಬೆಲೆ ಏರತೊಡಗಿತ್ತು. ಆಗಸ್ಟ್ 8ಕ್ಕೆ ಅರಸನು ಬೇರೆ ಉಪಾಯವಿಲ್ಲದೆ ಮಹಾಸಭೆ ಕರೆಯಲು ಒಪ್ಪಿದನು. ಆಗಸ್ಟ್ 10ಕ್ಕೆ ವರ್ಸಾಯ್ ಅರಮನೆಯಲ್ಲಿ ಟಿಪ್ಪುವಿನ ರಾಯಭಾರಿಗಳಿಗೆ ಭಾರೀ ದರ್ಬಾರು ನಡೆಯಿತು. ಆಗಸ್ಟ್ 16ಕ್ಕೆ ಖಜಾನೆ ತನ್ನ ಸಾಲಗಳ ಪಾವತಿಯನ್ನೇ ನಿಲ್ಲಿಸಿಬಿಟ್ಟಿತು. ಇವನಿಂದ ನೆರವು ಬೇಡಲು ಮೈಸೂರಿನವರು ಸಮುದ್ರ ದಾಟಿ ಬಂದಿದ್ದರು! ದರ್ಬಾರಿನ ದಿನಕ್ಕೆ ಸರಿಯಾಗಿ ನಾಲ್ಕು ವರ್ಷಕ್ಕೆ, 1792ರ ಆಗಸ್ಟ್ 10ರಂದು, ಪ್ಯಾರಿಸ್ಸಿನ ಜನ ಆ ಸಿಂಹಾಸನವನ್ನೇ ಉರುಳಿಸಿದರು.

ಆದರೆ 1788ರ ಬೇಸಗೆಯಲ್ಲಿ ಪ್ಯಾರಿಸ್ಸಿನ ಶ್ರೀಮಂತರಿಗೆ ರಾಯಭಾರಿಗಳೇ ಒಂದು ಜಾತ್ರೆ. ಹೋದಲ್ಲಿ ಬಂದಲ್ಲಿ ನೋಡುವವರ ನೂಕುನುಗ್ಗಲು. ಸೇವ್ರ್ ಪಿಂಗಾಣಿ ಕಾರ್ಖಾನೆಯ ಚಿತ್ರಗಾರ ಅಸ್ಲಾಂ ಎಂಬವನು ಅವರು ಸೇಂಕ್ಲೂ ತೋಟದಲ್ಲಿ ಸುತ್ತಾಡಿದ್ದನ್ನು ಬರೆದಿಟ್ಟನು. ಅಂಥವರ ನಡುವೆ, ಸಂಗೀತನಾಟಕದ ಥೇಟರಿನಲ್ಲಿ ಇವರನ್ನು ಕಂಡು ಇವರ ಚಿತ್ರ ಬರೆಯಲೇಬೇಕೆಂದು ಹಟ ಹಿಡಿದವಳು ಎಲಿಜಬೆತ್ ವಿಜೀ ಲಬ್ರೂನ್.

ಆಕೆಯ ಜೀವನವೇ ಒಂದು ದೊಡ್ಡ ಕಥೆ. 1755ರಲ್ಲಿ ಹುಟ್ಟಿದಳು. ತಂದೆಯೂ ಚಿತ್ರಗಾರ, ಆಕೆಗೆ ಹನ್ನೆರಡು ವರ್ಷವಾದಾಗ ಸತ್ತನು. ಹದಿಹರೆಯದಲ್ಲಿಯೇ ಭಾವಚಿತ್ರ ಬರೆದು ಮನೆ ನಡೆಸಿದ ಹುಡುಗಿ. 1776ರಲ್ಲಿ ಚಿತ್ರವ್ಯಾಪಾರಿಯೊಬ್ಬನನ್ನು ಮದುವೆಯಾದಳು. ದುಡಿಮೆ ಅವಳದು, ಗಲ್ಲಾಪೆಟ್ಟಿಗೆ ಅವನದು. ರಾಜಮಾನ್ಯ ಕಲಾ ಅಕಾಡೆಮಿಯಲ್ಲಿ ಒಮ್ಮೆಗೆ ನಾಲ್ವರಿಗಿಂತ ಹೆಚ್ಚು ಹೆಂಗಸರಿರಕೂಡದೆಂಬ ನಿಯಮವಿತ್ತು. 1783ರಲ್ಲಿ ರಾಣಿ ಮರೀ ಆಂತ್ವಾನೆತಳ ಒತ್ತಾಸೆಯಿಂದ ಆಕೆ ಒಳಗೆ ಬಂದಳು. ಆ ರಾಣಿಯ ಮುಖವನ್ನು ಸುಮಾರು ಮೂವತ್ತು ಸಲ ಬರೆದಿದ್ದಾಳೆ. 1789ರ ಅಕ್ಟೋಬರದಲ್ಲಿ ರೊಟ್ಟಿಗಾಗಿ ಹೆಂಗಸರು ವರ್ಸಾಯ್‌ಗೆ ನಡೆದುಹೋಗಿ ಅರಸನನ್ನು ಪ್ಯಾರಿಸ್ಸಿಗೆ ಎಳೆತಂದಾಗ, ಈ ಹೆಂಗಸು ಸಣ್ಣ ಮಗಳನ್ನು ಕಟ್ಟಿಕೊಂಡು ಊರು ಬಿಟ್ಟು ಓಡಿದಳು. ಇಟಲಿ, ವಿಯೆನ್ನಾ, ರಶಿಯಾಗಳಲ್ಲಿ ಹನ್ನೆರಡು ವರ್ಷ ತನ್ನ ಕುಂಚದಿಂದಲೇ ಹೊಟ್ಟೆ ಹೊರೆದು 1802ರಲ್ಲಿ ತಿರುಗಿ ಬಂದಳು. 1842ರಲ್ಲಿ ತೀರಿಕೊಳ್ಳುವ ತನಕ ಅರಸೊತ್ತಿಗೆಯ ಪಕ್ಷಪಾತಿಯಾಗಿಯೇ ಉಳಿದಳು. ಆ ರಾಜಕೀಯ ನಮ್ಮದಲ್ಲ. ಆದರೆ ಗಂಡಸರ ಪೇಟೆಯಲ್ಲಿ ತನ್ನ ಕೈಗೆಲಸದ ಮೇಲೆ ನಿಂತ ಹೆಂಗಸೆಂಬ ಗೌರವವನ್ನು ಆಕೆಗೆ ಸಲ್ಲಿಸದಿದ್ದರೆ ನಾವು ಅಪ್ರಾಮಾಣಿಕರಾದೇವು.

ಈ ಚಿತ್ರದ ವೃತ್ತಾಂತವನ್ನು ಆಕೆಯೇ ತನ್ನ ಆತ್ಮವೃತ್ತದಲ್ಲಿ ಬರೆದಿಟ್ಟಿದ್ದಾಳೆ. ಆ ಪುಸ್ತಕ 1835ರಿಂದ 37ರೊಳಗೆ ಅಚ್ಚಾಯಿತು. ರಾಯಭಾರಿಗಳು ಮೊದಲು ಒಪ್ಪಲಿಲ್ಲ. ಖುದ್ದು ಅರಸನೇ ಕೇಳಿದರೆ ಮಾತ್ರ ಎಂದರು. ಆಕೆ ಅರಸನಿಂದಲೇ ಕೇಳಿಸಿದಳು. ತಮ್ಮ ಬಿಡಾರಕ್ಕೇ ಬಂದು ಬರೆಯಬೇಕೆಂದರು. ದೊಡ್ಡ ಕ್ಯಾನ್‌ವಾಸು, ಬಣ್ಣಗಳನ್ನು ಹೊತ್ತುಕೊಂಡು ಹೋದಳು. ಒಳಗೆ ಕಾಲಿಡುತ್ತಲೇ ಒಬ್ಬನು ಬಂದು ಆಕೆಯ ಕೈಗೆ ಗುಲಾಬಿ ನೀರು ಹಾಕಿದನು. ಅವರೊಳಗೆ ಎತ್ತರದವನಾದ ದರವೇಶ ಖಾನ್ ನಿಂತುಕೊಂಡ. ಅಲುಗದೆ, ಬೇಸರಿಸದೆ ನಿಂತನಾದ್ದರಿಂದ ಅಂಗಿಯ ನೆರಿಗೆಗಳನ್ನೂ ಕೈಗಳನ್ನೂ ಎದುರಿಗೇ ನೋಡಿ ನೋಡಿ ಬರೆದೆನೆಂದು ಆಕೆ ಮೆಚ್ಚಿಕೊಂಡಿದ್ದಾಳೆ. ಆಮೇಲೆ ಹಿರಿಯ ರಾಯಭಾರಿಯನ್ನು ಮಗನೊಡನೆ ಕುಳ್ಳಿರಿಸಿ ಇನ್ನೊಂದು ಚಿತ್ರ. ಆ ಎರಡನೆಯದು ಈಗ ಕಳೆದುಹೋಗಿದೆ.

ಇಲ್ಲಿಯತನಕ ಎಲ್ಲವೂ ಚೆನ್ನ. ಮುಂದೆ ಊಟ. ರಾಯಭಾರಿಗಳು ಆಕೆಯನ್ನೂ ಆಕೆಯ ಗೆಳತಿಯೊಬ್ಬಳನ್ನೂ ಊಟಕ್ಕೆ ಕರೆದರು. ಬರಿಯ ಕುತೂಹಲಕ್ಕೆ ಹೋದೆವೆಂದು ಆಕೆಯೇ ಒಪ್ಪಿಕೊಳ್ಳುತ್ತಾಳೆ. ನೆಲದ ಮೇಲೆ ಪಂಕ್ತಿ. ಬಿಳಿಯ ಸಾರಿನಲ್ಲಿ ಬೇಯಿಸಿದ, ಮಸಾಲೆ ಖಾರವಾದ ಕುರಿಯ ಕಾಲುಗಳು; ನಮ್ಮ ಕಡೆ ಅದಕ್ಕೆ ಪಾಯಾ ಎನ್ನುತ್ತೇವೆ, ಅದನ್ನು ತಿನ್ನಲು ಜನ ಬೆಳಗಿನ ನಾಲ್ಕಕ್ಕೆ ಏಳುತ್ತಾರೆ. ಮನೆಯ ಯಜಮಾನರು ಅತಿಥಿಗಳಿಗೆ ತಮ್ಮ ಕೈಯಿಂದಲೇ ಬಡಿಸಿದರು. ಇದಕ್ಕಿಂತ ದೊಡ್ಡ ಮರ್ಯಾದೆ ನಮ್ಮ ನಾಡಿನಲ್ಲಿಲ್ಲ. ಆ ಕಂದುಬಣ್ಣದ ಕೈಗಳು ಚಮಚೆಯ ಕೆಲಸ ಮಾಡುವುದನ್ನು ನೋಡಿ ಇಬ್ಬರಿಗೂ ಹೇಸಿಕೆ ಬಂದು, ಊಟ ಸೇರಲಿಲ್ಲವಂತೆ.

ವಾಚಕರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಕೈ ಅದೇ. ಹಿಂದಿನ ದಿನಗಳಲ್ಲಿ ಗಂಟೆಗಟ್ಟಲೆ ನೋಡಿ, ಅದರ ಬೆರಳು ಬೆರಳನ್ನೂ ಪ್ರೀತಿಯಿಂದ ಬಣ್ಣದಲ್ಲಿ ಇಳಿಸಿದ ಕೈ. ಖಡ್ಗದ ಮೇಲೆ ಇದ್ದಾಗ ಅದು ಭವ್ಯ. ತಾಟಿನ ಕಡೆಗೆ ಬಂದಾಗ ಹೇಸಿಕೆ. ಯುರೋಪಿನ ಪಂಡಿತರು, ಚಿತ್ರಗಾರರು ಎರಡು ಶತಮಾನ ನಮ್ಮನ್ನು ನೋಡಿದ ಬಗೆ ಸರಿಯಾಗಿ ಇದೇ. ಚೌಕಟ್ಟಿನಲ್ಲಿ ನಿಂತಿರುವಷ್ಟು ಹೊತ್ತು ನಾವು ಚೆಲುವರು. ಚೌಕಟ್ಟಿನಿಂದ ಇಳಿದು, ಪಕ್ಕದಲ್ಲಿ ಕುಳಿತು, ಒಂದು ತುತ್ತು ಹಂಚಿಕೊಳ್ಳಲು ಬಂದೆವೋ, ಅವರಿಗೆ ನೀರು ಬೇಕಾಗುತ್ತದೆ, ಕೈ ತೊಳೆಯಲು. ನಮ್ಮಲ್ಲಿಯೂ ಪಂಕ್ತಿಭೇದ ಮಾಡುವವರು ಇನ್ನೂ ಇದ್ದಾರೆ. ಗೌರವದ ಗೊಂಬೆಯನ್ನಾಗಿ ಒಬ್ಬನ ಭಾವಚಿತ್ರವನ್ನು ಮೆರವಣಿಗೆ ಮಾಡಿ, ಅವನ ಕೇರಿಯವರ ಕೈಯ ನೀರು ಕುಡಿಯದವರು. ಆ ಹೆಂಗಸನ್ನು ಹಳಿಯುವ ಹಕ್ಕು ಅಂಥವರಿಗೆ ಮಾತ್ರ ಇಲ್ಲ.

ಈಗ ಅಜ್ಜನ ಪ್ರಶ್ನೆ. ಬಣ್ಣ ಒಣಗಿದ ಮೇಲೆ ಆಕೆ ಚಿತ್ರ ತರಲು ಆಳನ್ನು ಕಳಿಸಿದಳು. ದರವೇಶ ಖಾನ್ ಕೊಡಲಿಲ್ಲ. ತನ್ನ ಹಾಸಿಗೆಯ ಹಿಂದೆ ಅಡಗಿಸಿಟ್ಟಿದ್ದನು. ಚಿತ್ರಕ್ಕೆ ಇನ್ನೂ ಜೀವ ಬರಬೇಕಾಗಿದೆ ಎಂದು ನೆವ ಹೇಳಿದನಂತೆ. ಪ್ಯಾರಿಸ್ಸಿನ ರಸಿಕರಿಗೆ ಇದು ನಗೆಯ ಮಾತಾಯಿತು; ಇದರ ಮೇಲೆ ಪದ್ಯಗಳೂ ಹುಟ್ಟಿದವು. ನಮಗೆ ನಗು ಬರುವುದಿಲ್ಲ. ದಿನಗಟ್ಟಲೆ ನಿಂತವನು ಅವನು, ಮುಖ ಅವನದು, ಜೀವ ಅವನದು. ಅದನ್ನು ತೆಗೆದುಕೊಂಡು ಹೋಗಿ ನಾಳೆ ಯಾವ ಗೋಡೆಗೆ ಯಾರು ತೂಗುಹಾಕುತ್ತಾರೆಂದು ಕೇಳುವ ಅಧಿಕಾರ ಅವನಿಗಿರಲಿಲ್ಲವೇ? ಹೇಳಿಸಿಕೊಳ್ಳುವವರಿಲ್ಲದ ಊರಿನಲ್ಲಿ ಅವನು ಮಾಡಬಹುದಾದದ್ದು ಒಂದೇ. ಅದನ್ನು ಮಾಡಿದನು.

ಆಕೆ ಉಪಾಯದಿಂದ ಚಿತ್ರವನ್ನು ಹೊರಗೆ ತರಿಸಿದಳು. ಕದ್ದಳು ಎನ್ನುವುದು ಸರಳವಾದ ಮಾತು. ಚಿತ್ರ ಕಾಣದಿದ್ದಾಗ ದರವೇಶ ಖಾನ್ ತನ್ನ ಆಳಿನ ಮೇಲೆ ಸಂಶಯಪಟ್ಟು ಅವನನ್ನು ಕೊಲ್ಲಲು ಹೊರಟನು. ಪ್ಯಾರಿಸ್ಸಿನಲ್ಲಿ ಆಳುಗಳನ್ನು ಕೊಲ್ಲುವ ರೂಢಿ ಇಲ್ಲವೆಂದು ದುಭಾಷಿ ಬಹಳ ಕಷ್ಟಪಟ್ಟು ತಿಳಿಹೇಳಬೇಕಾಯಿತು. ಅರಸನೇ ಚಿತ್ರ ತರಿಸಿಕೊಂಡನೆಂದು ಒಂದು ಸುಳ್ಳನ್ನೂ ಸೇರಿಸಬೇಕಾಯಿತು. ಆಕೆ ಇದನ್ನು ಒಂದು ಮೋಜಿನ ಪ್ರಸಂಗವೆಂಬಂತೆ ಹೇಳಿ ಮುಗಿಸಿದ್ದಾಳೆ. ಆ ಆಳಿನ ಹೆಸರಿಲ್ಲ. ಯಾವೂರವನೋ, ಯಾರ ಮಗನೋ. ಚಿತ್ರ ತೆಗೆದವಳು ದೊರೆಸಾನಿ, ಸಿಟ್ಟಾದವನು ಸರದಾರ, ಪ್ರಾಣಕ್ಕೆ ಬಂದದ್ದು ಅಡಿಗೆ-ಹಾಸಿಗೆ ನೋಡಿಕೊಳ್ಳುವ ಬಡವನಿಗೆ. ಪೂರ್ವ ಪಶ್ಚಿಮವೆಂದು ಜಗತ್ತನ್ನು ಎರಡು ಹೋಳು ಮಾಡಿ ನೋಡುವವರಿಗೆ ಈ ಮೂರನೆಯವನು ಕಾಣಿಸುವುದಿಲ್ಲ. ಆ ಅಂಗಿಯ ಮಸ್ಲಿನ್ನನ್ನು ನೇಯ್ದವನೂ ಕಾಣಿಸುವುದಿಲ್ಲ. ಬಂಗಾರದ ಹೂವಿನ ವರ್ಣನೆ ಪುಸ್ತಕದಲ್ಲಿದೆ, ಮಗ್ಗದ ಮಾತಿಲ್ಲ. ಬೆಟಗೇರಿಯ ನೇಕಾರ ಬಂಧುಗಳಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಕ್ಕಿಲ್ಲ.

ಎರಡೂ ಚಿತ್ರಗಳು 1789ರ ಪ್ಯಾರಿಸ್ ಪ್ರದರ್ಶನದಲ್ಲಿ ತೂಗಿದವು. ಬಾಸ್ತೀ ಸೆರೆಮನೆ ಬಿದ್ದು ಆಗ ತಿಂಗಳ ಮೇಲಾಗಿತ್ತು. ರಾಯಭಾರಿಗಳು ಅಷ್ಟರಲ್ಲಿ ಊರಿಗೆ ಮರಳಿದ್ದರು. ಸೈನ್ಯ ಸಿಗಲಿಲ್ಲ, ಕೆಲವರು ಕಸಬುದಾರರು, ಬೀಜ, ಸೇವ್ರ್ ಪಿಂಗಾಣಿಯ ಉಡುಗೊರೆಗಳು ಸಿಕ್ಕವು. ಟಿಪ್ಪು ಸಿಟ್ಟಾಗಿ ಅವರಲ್ಲಿ ಇಬ್ಬರ ತಲೆ ತೆಗೆಸಿದನೆಂಬ ಕಥೆ ಯುರೋಪಿನಲ್ಲಿ ಹಬ್ಬಿತು. ಪೂರ್ವದ ಅರಸನೆಂದ ಮೇಲೆ ಕಥೆಯ ಕೊನೆಗೆ ಒಂದು ತಲೆ ಉರುಳದಿದ್ದರೆ ಅಲ್ಲಿಯ ಓದುಗರಿಗೆ ನಿದ್ದೆ ಬರುತ್ತಿರಲಿಲ್ಲ. ಅದೇ ಯುರೋಪಿನ ನಡುಪೇಟೆಯಲ್ಲಿ ನಾಲ್ಕೇ ವರ್ಷಗಳಲ್ಲಿ ಎಷ್ಟು ತಲೆಗಳು ಉರುಳಿದವೆಂಬುದನ್ನು ಅವರು ಮರೆತರು. 1870ರಲ್ಲಿ ರೆನ್ಯೋ ಎಂಬ ಫ್ರೆಂಚ ಚಿತ್ರಗಾರನು ಗ್ರೆನಡಾದ ಮೂರ್ ಅರಸರ ಕಾಲದಲ್ಲಿ ವಿಚಾರಣೆಯಿಲ್ಲದೆ ತಲೆ ಹೊಡೆಯುವ ಚಿತ್ರ ಬರೆದನು: ಮೆಟ್ಟಿಲ ಮೇಲೆ ರಕ್ತ, ಕತ್ತಿ ಒರೆಸಿಕೊಳ್ಳುತ್ತ ನಿಂತ ಕಟುಕ. ಅದೇ ಹಳೆಯ ಕಥೆ, ಬಣ್ಣ ಮಾತ್ರ ಹೊಸದು.

ಪೂರ್ವದೇಶದ ಚಿತ್ರ ಬರೆಯುವುದನ್ನೇ ಕಸಬು ಮಾಡಿಕೊಂಡ ಈ ಫ್ರೆಂಚ ಚಿತ್ರಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ದಂಡಾಗಿ ಹುಟ್ಟಿದರು. ದಂಡು ಎಂಬ ಮಾತನ್ನು ತಿಳಿದೇ ಬಳಸುತ್ತಿದ್ದೇವೆ. 1798ರಲ್ಲಿ ನೆಪೋಲಿಯನ್ನನು ಈಜಿಪ್ತಕ್ಕೆ ನುಗ್ಗಿದನು. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಅವನು ಬರೆದ ಪತ್ರ ಇಂಗ್ಲಿಷರ ಕೈಗೆ ಸಿಕ್ಕಿತು. 1830ರಲ್ಲಿ ಫ್ರಾನ್ಸ್ ಅಲ್ಜೀರಿಯಾವನ್ನು ಹಿಡಿಯಿತು. 1832ರಲ್ಲಿ ದೆಲಕ್ರ್ವಾ ಎಂಬ ಮಹಾಚಿತ್ರಗಾರ ಸರಕಾರದ ರಾಯಭಾರದೊಡನೆ ಮೊರಾಕ್ಕೋಕ್ಕೆ ಹೋಗಿ, ಮರಳುವಾಗ ಅಲ್ಜೀರ್ಸಿನ ಮನೆಯೊಂದರ ಜನಾನದೊಳಗೆ ಪ್ರವೇಶ ಪಡೆದು, 1834ರಲ್ಲಿ ಅಲ್ಲಿಯ ಹೆಂಗಸರ ಚಿತ್ರವನ್ನು ಪ್ರದರ್ಶಿಸಿದನು. ಬಣ್ಣದ ಮಟ್ಟಿಗೆ ಅದನ್ನು ಮೀರಿದ ಚಿತ್ರಗಳು ಕಡಿಮೆ ಎಂದು ಬಲ್ಲವರು ಹೇಳುತ್ತಾರೆ, ನಾವೂ ಒಪ್ಪುತ್ತೇವೆ. ಆದರೆ ಆ ಬಾಗಿಲು ತೆರೆದದ್ದು ಕುಂಚವಲ್ಲ. ಎರಡು ವರ್ಷ ಮೊದಲು ಬಂದರಿನಲ್ಲಿ ಇಳಿದ ತೋಪು. ಏಂಗ್ರ್ ಎಂಬಾತನಂತೂ ಇಟಲಿಯನ್ನು ದಾಟಿ ಪೂರ್ವಕ್ಕೆ ಕಾಲಿಡದೆಯೇ, ಎಂಬತ್ತು ದಾಟಿದ ವಯಸ್ಸಿನಲ್ಲಿ, ತುರ್ಕರ ಸ್ನಾನಗೃಹದ ನಗ್ನ ಸುಂದರಿಯರನ್ನು ಮನೆಯಲ್ಲಿ ಕುಳಿತು ಬರೆದನು.

ಇವರೆಲ್ಲರ ಪೈಕಿ ಪೇಟೆಯಲ್ಲಿ ಗೆದ್ದವನು ಜೆರೋಮ್. 1824ರಲ್ಲಿ ಹುಟ್ಟಿದ ಅಕ್ಕಸಾಲಿಗನ ಮಗ, 1904ರಲ್ಲಿ ಸತ್ತನು. 1856ರಿಂದ ಈಜಿಪ್ತ, ತುರ್ಕಸ್ತಾನಗಳಿಗೆ ಮೇಲಿಂದ ಮೇಲೆ ಹೋಗಿ ಬಂದವನು. 1879ರ ಸುಮಾರಿಗೆ ಅವನು ಬರೆದ ಹಾವಾಡಿಗನ ಚಿತ್ರವೊಂದು ಅಮೇರಿಕೆಯ ಕ್ಲಾರ್ಕ್ ಸಂಗ್ರಹಾಲಯದಲ್ಲಿದೆ. ಹಿಂದೆ ನೀಲಿ ಹಂಚುಗಳ ಗೋಡೆ, ಒಂದೊಂದು ಹಂಚೂ ಎಣಿಸುವಷ್ಟು ಸ್ಪಷ್ಟ. ನಡುವೆ ಮೈಗೆ ಹಾವು ಸುತ್ತಿಕೊಂಡ ಬತ್ತಲೆ ಹುಡುಗ. ಎದುರಿಗೆ ಗೋಡೆಗೊರಗಿ ಕುಳಿತ ಗಂಡಸರು, ಎಲ್ಲರೂ ಸೋಮಾರಿಗಳು. ಪ್ಯಾಲೆಸ್ಟೈನಿನ ಎಡ್ವರ್ಡ ಸಯೀದ್ ಎಂಬ ಪಂಡಿತನು ಪೂರ್ವದ ಬಗೆಗಿನ ಯುರೋಪಿನ ಕಟ್ಟುಕಥೆಗಳನ್ನು ಬಿಚ್ಚಿ ತೋರಿಸಿದ ಪುಸ್ತಕ 1978ರಲ್ಲಿ ಹೊರಬಂದಾಗ ಅದರ ಹೊದಿಕೆಯ ಮೇಲೆ ಅಚ್ಚಾದದ್ದು ಇದೇ ಚಿತ್ರ. ಅದೇ ಕಾಲಕ್ಕೆ ಈಜಿಪ್ತದ ಬಡ ರೈತ ಹತ್ತಿ ಬೆಳೆದು, ಅರಸನ ಸಾಲಕ್ಕಾಗಿ ತೆರಿಗೆ ಕೊಟ್ಟು ಕೊಟ್ಟು ಬತ್ತಿಹೋಗಿದ್ದನು. ಆ ಸಾಲ ಕೊಟ್ಟವರು ಪ್ಯಾರಿಸ್ಸಿನ, ಲಂಡನ್ನಿನ ಸಾಹುಕಾರರು. ಅವರ ಮನೆಗೋಡೆಗೆ ಬೇಕಾದದ್ದು ಈ ಬಗೆಯ ಸೋಮಾರಿ ಪೂರ್ವ. ಸಾಲಗಾರ ಕೆಲಸ ಮಾಡದವನು ಎಂದು ನಂಬಿದರೆ ಬಡ್ಡಿ ವಸೂಲಿ ಮಾಡುವವನ ಮನಸ್ಸಿಗೆ ನೆಮ್ಮದಿ. ಎರಿ ನೆಲದಲ್ಲಿ ಹತ್ತಿ ಬೆಳೆವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲರೂ ಹೀಗೆಯೇ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಎತಿಯೆನ್ ದಿನೆ ಎಂಬವನೊಬ್ಬನಿದ್ದನು. 1861ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅನುಕೂಲಸ್ಥ. ಅಲ್ಜೀರಿಯಾಕ್ಕೆ ಹೋದವನು ಅರಬ್ಬೀ ಭಾಷೆ ಕಲಿತನು. ಬೂಸಾದಾ ಎಂಬ ಮರುಭೂಮಿಯ ಅಂಚಿನ ಊರಿನಲ್ಲಿ ಮನೆ ಮಾಡಿದನು. ಅಲ್ಲಿಯ ಸುಲೇಮಾನ ಬೆನ್ ಇಬ್ರಾಹೀಮನ ಜೀವದ ಗೆಳೆಯನಾಗಿ ಅವನೊಡನೆ ಕೂಡಿ ಪುಸ್ತಕಗಳನ್ನು ಬರೆದನು. 1913ರಲ್ಲಿ ಮುಸಲ್ಮಾನನಾಗಿ ನಾಸಿರುದ್ದೀನ್ ಎಂಬ ಹೆಸರಿಟ್ಟುಕೊಂಡನು, 1929ರಲ್ಲಿ ಮಕ್ಕೆಗೆ ಹೋಗಿ ಬಂದನು. ಆ ವರ್ಷದ ಕೊನೆಗೆ ಸತ್ತಾಗ ಅವನ ಹೆಣವನ್ನು ಪ್ಯಾರಿಸ್ಸಿನಿಂದ ಒಯ್ದು ಬೂಸಾದಾದಲ್ಲಿಯೇ ಮಣ್ಣು ಮಾಡಿದರು. ಅವನೂ ಸ್ನಾನಮಾಡುವ ಹುಡುಗಿಯರ ಚಿತ್ರಗಳನ್ನು ಬೇಕಾದಷ್ಟು ಬರೆದವನೇ. ಪೇಟೆಯ ಹಂಗು ಅವನಿಗೂ ತಪ್ಪಲಿಲ್ಲ. ಆದರೂ ನಾವು ಅವನಿಗೆ ಬೇರೆ ಲೆಕ್ಕ ಹಿಡಿಯುತ್ತೇವೆ. ಏಕೆಂದರೆ ಅವನು ಬರೆದವರ ಮುಖದೆದುರಿಗೇ ಬದುಕಿದನು. ಅವರೊಡನೆ ನೆಲದ ಮೇಲೆ ಕುಳಿತು ಉಂಡನು. 1962ರಲ್ಲಿ ಅಲ್ಜೀರಿಯಾ ಬಿಡುಗಡೆಯಾದ ಮೇಲೆಯೂ ಆ ಊರವರು ಅವನನ್ನು ತಮ್ಮವನೆಂದೇ ಉಳಿಸಿಕೊಂಡಿದ್ದಾರೆ.

ಇಂಗ್ಲಿಷರು ಈ ಕೆಲಸವನ್ನು ಫ್ರೆಂಚರಿಗೆ ಬಿಟ್ಟುಕೊಡಲಿಲ್ಲ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು; 1800ರಲ್ಲಿಯೇ ಲಂಡನ್ನಿನ ಥೇಟರಿನಲ್ಲಿ ಕೆರ್ ಪೋರ್ಟರ್ ಎಂಬ ತರುಣನು ನೂರು ಅಡಿಗೂ ಮಿಕ್ಕಿದ ಉದ್ದದ ಚಿತ್ರದಲ್ಲಿ ಆ ಲಗ್ಗೆಯನ್ನು ಬರೆದು ಟಿಕೇಟು ಹಚ್ಚಿ ತೋರಿಸಿದನು. ಅವನು ಶ್ರೀರಂಗಪಟ್ಟಣವನ್ನು ಕಂಡವನಲ್ಲ. 1839ರಲ್ಲಿ ವಿಲ್ಕಿ ಎಂಬವನು, ಅವನೂ ಕಂಡವನಲ್ಲ, ಟಿಪ್ಪುವಿನ ಹೆಣ ಕಂಡುಹಿಡಿದ ಇಂಗ್ಲಿಷ ಸೇನಾಪತಿಯನ್ನು ದೀಪದ ಬೆಳಕಿನಲ್ಲಿ ದೇವದೂತನಂತೆ ನಿಲ್ಲಿಸಿದನು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಎಷ್ಟೋ ಕಾಲ ಮಕ್ಕಳು ನೋಡಿದ ಟಿಪ್ಪುವಿನ ಕೊನೆಯ ದಿನ ಇಂಥವರು ಕಟ್ಟಿಕೊಟ್ಟದ್ದು.

ಹಾಗಾದರೆ ನಮ್ಮವರು ಬರೆಯಲೇ ಇಲ್ಲವೇ? ಬರೆದರು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಬಾಗಿನ ಗೋಡೆಗೆ ಹೋಗಿ ನೋಡಿರಿ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೇಲಿಯ ಸೈನ್ಯವನ್ನು ಮುರಿದ ಚಿತ್ರ ಗೋಡೆಯ ತುಂಬ ಹರಡಿದೆ. ಚೌಕಾಕಾರವಾಗಿ ಮುದ್ದೆಗಟ್ಟಿ ನಿಂತ ಕೆಂಪಂಗಿಯವರು, ನಡುವೆ ಸಿಡಿಯುವ ಮದ್ದಿನ ಬಂಡಿ, ಪಾಲಕಿಯಲ್ಲಿ ಗಾಯಗೊಂಡು ಕುಳಿತು ಬೆರಳು ಕಚ್ಚಿಕೊಳ್ಳುತ್ತಿರುವ ಬೇಲಿ. ದೂರದರ್ಶಕ ಹಿಡಿದ ಫ್ರೆಂಚ ಅಧಿಕಾರಿಯೂ ಒಂದು ಮೂಲೆಯಲ್ಲಿದ್ದಾನೆ. ಈ ಸಲ ಅವನನ್ನು ನಮ್ಮವನು ನೋಡುತ್ತಿದ್ದಾನೆ. ನೆರಳು-ಬೆಳಕಿನ ಯುರೋಪಿನ ಜಾಣತನ ಅದರಲ್ಲಿಲ್ಲ. ಕುದುರೆಗಳೆಲ್ಲ ಒಂದೇ ಅಚ್ಚಿನವು. ಆದರೆ ಆ ಗೋಡೆಯಲ್ಲಿರುವ ನಗೆ, ಆ ಹುರುಪು, ಲಂಡನ್ನಿನ ನೂರಡಿಯ ಚಿತ್ರಕ್ಕೆ ಬರಲು ಸಾಧ್ಯವಿರಲಿಲ್ಲ. ಮುತ್ತಿಗೆಯ ಮೊದಲು ಅದಕ್ಕೆ ಸುಣ್ಣ ಬಳಿದಿದ್ದರು. ಆಮೇಲೆ ಅಲ್ಲಿ ವಾಸಿಸಿದ ಆರ್ಥರ್ ವೆಲ್ಲೆಸ್ಲಿಯು ತೆಗೆಸಿ ಸರಿಮಾಡಿಸಿದನು. 1855ರಲ್ಲಿ ಬಂದ ಡಾಲ್‌ಹೌಸಿ, ಮೂಲಚಿತ್ರ ನೆನಪಿದ್ದ ಒಬ್ಬ ದೇಶೀ ಚಿತ್ರಗಾರನಿಂದ ಮತ್ತೆ ಬರೆಯಿಸಿದನು. ಗೆದ್ದ ದೊರೆಗಳ ಹೆಸರುಗಳು ಎಲ್ಲವೂ ನಮಗೆ ಬಾಯಿಪಾಠ. ಮೊದಲು ಬರೆದವರದೂ ನೆನಪಿನಿಂದ ಮತ್ತೆ ಬರೆದವನದೂ ಹೆಸರನ್ನು ಯಾರೂ ಆ ಗೋಡೆಯ ಮೇಲೆ ಬರೆಯಗೊಡಲಿಲ್ಲ.

ದರವೇಶ ಖಾನನ ಚಿತ್ರದ ಕೊನೆಯ ಸುದ್ದಿ ಹೇಳಿ ಮುಗಿಸಬೇಕು. 1813ರಲ್ಲಿ ಚಿತ್ರಗಾರ್ತಿಯ ಗಂಡ ಸತ್ತ ಮೇಲೆ ಚಿತ್ರಗಳು ಮಾರಾಟವಾಗಿ ಕೈಯಿಂದ ಕೈಗೆ ಹೋದವು. ತನ್ನ ಮುಪ್ಪಿನಲ್ಲಿ ಅವು ಯಾರ ಹತ್ತಿರ ಇವೆಯೆಂದು ಆಕೆಗೇ ತಿಳಿದಿರಲಿಲ್ಲ. ಆಕೆಗೂ ಚಿತ್ರ ಉಳಿಯಲಿಲ್ಲ! 2019ರ ಜನವರಿಯಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಅದು ಸುಮಾರು 72 ಲಕ್ಷ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಆಗ ಐವತ್ತು ಕೋಟಿ ರೂಪಾಯಿ. ಹಳೆಯ ಕಾಲದ ಹೆಂಗಸೊಬ್ಬಳ ಚಿತ್ರಕ್ಕೆ ಅಲ್ಲಿಯ ತನಕ ಅಷ್ಟು ಬೆಲೆ ಬಂದಿರಲಿಲ್ಲವೆಂದು ಪತ್ರಿಕೆಗಳು ಹೊಗಳಿದವು. ಹೆಂಗಸಿನ ಕೆಲಸಕ್ಕೆ ಬೆಲೆ ಬಂದದ್ದು ನಮಗೂ ಸಂತೋಷವೇ. ಬೆಲೆ ಆಕೆಗೆ ಮುಟ್ಟಲಿಲ್ಲ, ನಿಂತವನಿಗೆ ಮುಟ್ಟಲಿಲ್ಲ, ಪೆಟ್ಟು ತಿನ್ನಬೇಕಾಗಿದ್ದ ಆಳಿಗಂತೂ ಇಲ್ಲ.

ಇದು ಹಳೆಯ ಕಾಲದ ವ್ಯವಹಾರವೆಂದು ಸುಮ್ಮನಿರೋಣವೆಂದರೆ, ನಮ್ಮ ಊರುಗಳಲ್ಲಿ ದಿನಾಲು ನಡೆಯುತ್ತಿರುವುದೇನು? ಪಟ್ಟಣಗಳಿಂದ ದೊಡ್ಡ ಕ್ಯಾಮರಾ ಕೊರಳಿಗೆ ಹಾಕಿಕೊಂಡವರು ಬರುತ್ತಾರೆ. ತಾಂಡೆಯ ಲಂಬಾಣಿ ಮುದುಕಿಯ ಕನ್ನಡಿಯ ಕುಪ್ಪಸ, ಬೆಳ್ಳಿಯ ಸಾಮಾನು. ಮೊಹರಮ್ಮಿನಲ್ಲಿ ಹೆಜ್ಜೆ ಹಾಕುವ ಹುಡುಗರು, ಅವರಲ್ಲಿ ಅರ್ಧ ಮಂದಿ ಲಿಂಗವಂತರು, ಕುರುಬರು ಎಂಬುದು ಬಂದವರಿಗೆ ಗೊತ್ತಿಲ್ಲ. ನೆರಿಗೆಗಟ್ಟಿದ ಮುಖದ ರೈತ, ಬೀಡಿಯ ಹೊಗೆ. "ಹಂಗ ನಿಲ್ಲ್ರಿ, ನಗಬ್ಯಾಡ್ರಿ" ಎಂದು ಆಜ್ಞೆ. ನಕ್ಕರೆ ಬಡವನೆಂದು ಕಾಣುವುದಿಲ್ಲವಲ್ಲ! ಪ್ರದರ್ಶನ, ಬಹುಮಾನ, ಪ್ರವಾಸದ ಜಾಹೀರಾತು ಎಲ್ಲವೂ ಆಗುತ್ತದೆ. ಮುಖದ ಒಡೆಯನಿಗೆ ಒಂದು ಪ್ರತಿ ಬರುವುದಿಲ್ಲ. ಅವರು ನಮ್ಮವರೇ, ಕನ್ನಡಿಗರೇ. ನಮ್ಮ ನಾಡನ್ನು ಜೆರೋಮನ ಕಣ್ಣಿನಿಂದ ನೋಡಲು ಕಲಿತವರು. ಊಟದ ಹೊತ್ತಾದರೆ ಲಕ್ಷ್ಮೇಶ್ವರದ ಖಾನಾವಳಿಗೆ ಹೋಗಿಬಿಡುತ್ತಾರೆ.

ಜಿಲ್ಲೆಯ ವಾಚನಾಲಯಗಳಲ್ಲಿ ಎರಡು ಚಿತ್ರಗಳ ಪ್ರತಿ ತೂಗಿಸಬೇಕೆಂದು ನಮ್ಮ ಸೂಚನೆ: ದರವೇಶ ಖಾನನದೊಂದು, ದರಿಯಾ ದೌಲತಿನ ಗೋಡೆಯದೊಂದು, ಅಕ್ಕಪಕ್ಕದಲ್ಲಿ. ಖರ್ಚು ಒಂದು ಸಭೆಯ ಹಾರತುರಾಯಿಗಿಂತ ಕಡಿಮೆ. ಇನ್ನು ಜನರ ಭಾವಚಿತ್ರ ತೆಗೆದು ಪ್ರಕಟಿಸುವವರು ನಿಂತವರ ಹೆಸರು ಬರೆಯಲಿ, ಒಂದು ಪ್ರತಿಯನ್ನು ಅವರ ಮನೆಗೆ ಮುಟ್ಟಿಸಲಿ. ಈ ಪತ್ರಿಕೆ ಈ ವಾರದಿಂದ ಅದನ್ನು ತನಗೂ ನಿಯಮ ಮಾಡಿಕೊಂಡಿದೆ. ಹಿಂದೆ ನಾವೂ ಎಷ್ಟೋ ಸಲ "ರೈತನೊಬ್ಬ" ಎಂದಷ್ಟೇ ಅಚ್ಚು ಹಾಕಿದ್ದುಂಟು.

ಯಳವತ್ತಿಯ ಆ ಹುಡುಗ ಮುಂದಿನ ಸಂತೆಗೆ ಲಕ್ಷ್ಮೇಶ್ವರಕ್ಕೆ ಹೋದಾಗ ಎರಡು ಪ್ರತಿ ಮಾಡಿಸಿ ತಂದನಂತೆ. ಒಂದು ದರವೇಶ ಖಾನನದು, ಇನ್ನೊಂದು ಕಟ್ಟೆಯ ಮೇಲೆ ಅಂದೇ ತೆಗೆದ ಅಜ್ಜನದು. ಖಾನ್ ಸಾಹೇಬನನ್ನು ಅಜ್ಜ ಪಡಸಾಲೆಯಲ್ಲಿ ಕ್ಯಾಲೆಂಡರಿನ ಪಕ್ಕದ ಮೊಳೆಗೆ ಹಾಕಿದ್ದಾರೆ. ತಮ್ಮದನ್ನು ಟ್ರಂಕಿನೊಳಗೆ ಇಟ್ಟು ಕೀಲಿ ಹಾಕಿದ್ದಾರೆ.